ಬಿಂದುವೋ, ಅಲ್ಪವಿರಾಮವೋ? ತಂತ್ರಾಂಶದಲ್ಲಿ ಸಂಖ್ಯೆಗಳ ಬರಹ ಮತ್ತು ಲೊಕೇಲ್

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮಾವಿನ ಬೆಳೆಗೆ ಹೆಸರಾದುದು. ಆ ತಾಲ್ಲೂಕಿನ ಗೌನಿಪಲ್ಲಿ ಆಂಧ್ರಪ್ರದೇಶದ ಗಡಿಗೆ ಸಮೀಪವಿರುವ ಊರು. ಅಲ್ಲಿಂದ ಹೊರಟ ಒಂದು ಲಾರಿ ತೋತಾಪುರಿ ಮಾವು ವೇಬ್ರಿಡ್ಜ್‌ನಲ್ಲಿ 12.450 ಟನ್ ತೂಗಿತೆಂದು ಭಾವಿಸೋಣ. ಅಂದರೆ ಹನ್ನೆರಡು ಟನ್ 450 ಕಿಲೋ. ಈ ಚೀಟಿಯನ್ನು ಓದುವ ಮಂಡಿಯ ಗುಮಾಸ್ತರಿಗೆ ಯಾವ ಗೊಂದಲವೂ ಇಲ್ಲ. ಆದರೆ ಇದೇ ಅಂಕಿ ತಿರುಳಿನ ಕಾರ್ಖಾನೆಯ ಗಣಕಯಂತ್ರವನ್ನು ದಾಟಿ ಜರ್ಮನಿಯ ಖರೀದಿದಾರನ ಗಣಕಯಂತ್ರವನ್ನು ತಲುಪಿದಾಗ ಪ್ರಶ್ನೆ ಏಳುತ್ತದೆ. ಜರ್ಮನ್ ರೂಢಿಯಲ್ಲಿ ಬಿಂದು ದಶಮಾಂಶದ ಗುರುತಲ್ಲ, ಸಾವಿರದ ಗುರುತು. ಅಲ್ಲಿನವರ ಕಣ್ಣಿಗೆ 12.450 ಎಂದರೆ ಹನ್ನೆರಡು ಸಾವಿರದ ನಾನೂರ ಐವತ್ತು.

ಮನುಷ್ಯನಾದರೆ ಒಂದು ಲಾರಿಯಲ್ಲಿ ಹನ್ನೆರಡು ಸಾವಿರ ಟನ್ ಹಿಡಿಸದು ಎಂದು ತಿಳಿದು ಕೇಳಿಯಾನು. ಗಣಕಯಂತ್ರ ಕೇಳುವುದಿಲ್ಲ. ಅದಕ್ಕೆ ಯಾವ ರೂಢಿಯಲ್ಲಿ ಓದಬೇಕೆಂದು ಹೇಳಿದ್ದಾರೋ ಆ ರೂಢಿಯಲ್ಲಿ ಓದುತ್ತದೆ. ಈ ರೂಢಿಯನ್ನು ತಿಳಿಸುವ ವ್ಯವಸ್ಥೆಯೇ ಲೊಕೇಲ್. ಬೆಂಗಳೂರಿನಲ್ಲಿ ಕುಳಿತು ಲೋಕಕ್ಕೆಲ್ಲ ತಂತ್ರಾಂಶ ಬರೆಯುವವರಿಗೂ, ಕಚೇರಿಯಲ್ಲಿ ಎಕ್ಸೆಲ್ ಕಡತಗಳನ್ನು ಕಳುಹಿಸುವವರಿಗೂ ಇದರ ಪರಿಚಯ ಅವಶ್ಯ.

ಲೊಕೇಲ್ ಎಂದರೇನು?

ಭಾಷೆ ಮತ್ತು ಪ್ರದೇಶ ಇವೆರಡನ್ನೂ ಸೇರಿಸಿ ಒಂದು ಜನಸಮುದಾಯದ ಬರವಣಿಗೆಯ ರೂಢಿಗಳನ್ನು ಗಣಕಯಂತ್ರಕ್ಕೆ ತಿಳಿಸುವ ಕಟ್ಟನ್ನು ಲೊಕೇಲ್ ಎನ್ನುತ್ತಾರೆ. ಸಂಖ್ಯೆಯನ್ನು ಹೇಗೆ ಬರೆಯಬೇಕು, ಹಣದ ಚಿಹ್ನೆ ಯಾವುದು, ದಿನಾಂಕದಲ್ಲಿ ಮೊದಲು ದಿನವೋ ತಿಂಗಳೋ, ಅಕಾರಾದಿ ಕ್ರಮ ಯಾವುದು, ಇವೆಲ್ಲವೂ ಅದರಲ್ಲಿ ಸೇರಿವೆ. ಭಾಷೆಯೊಂದೇ ಸಾಲದು, ಪ್ರದೇಶವೂ ಬೇಕು. ಇಂಗ್ಲಿಷ್ ಒಂದೇ ಆದರೂ ಅಮೆರಿಕದ ಇಂಗ್ಲಿಷ್ ಮಿಲಿಯನ್‌ಗಳಲ್ಲಿ ಎಣಿಸುತ್ತದೆ, ಭಾರತದ ಇಂಗ್ಲಿಷ್ ಲಕ್ಷಗಳಲ್ಲಿ ಎಣಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಕೋಲಾರದ ಗಡಿಯ ಆಚೆ ತೆಲುಗು, ಈಚೆ ಕನ್ನಡ ಎಂದು ಭಾಷೆ ಬದಲಾದರೂ ಲಕ್ಷ ಕೋಟಿಗಳ ಲೆಕ್ಕ ಬದಲಾಗುವುದಿಲ್ಲ.

ಒಂದೇ ಸಂಖ್ಯೆ, ಅಂದರೆ ಒಂದು ಕೋಟಿ ಇಪ್ಪತ್ತಮೂರು ಲಕ್ಷದ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೆಂಟು ರೂಪಾಯಿ ತೊಂಬತ್ತು ಪೈಸೆ, ಬೇರೆ ಬೇರೆ ರೂಢಿಗಳಲ್ಲಿ ಹೀಗೆ ಕಾಣುತ್ತದೆ:

ಭಾರತ: 1,23,45,678.90
ಅಮೆರಿಕ: 12,345,678.90
ಜರ್ಮನಿ: 12.345.678,90
ಫ್ರಾನ್ಸ್: 12 345 678,90
ಸ್ವಿಟ್ಜರ್ಲೆಂಡ್: 12'345'678.90

ಇವುಗಳಲ್ಲಿ ಯಾವುದೂ ತಪ್ಪಲ್ಲ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು 2003ರಲ್ಲಿ ದಶಮಾಂಶದ ಗುರುತಾಗಿ ಬಿಂದುವನ್ನಾದರೂ ಅಲ್ಪವಿರಾಮವನ್ನಾದರೂ ಬಳಸಬಹುದೆಂದು ನಿರ್ಣಯಿಸಿತು. ಅಂಕಿಗಳನ್ನು ಮೂರು ಮೂರಾಗಿ ಗುಂಪು ಮಾಡುವಾಗ ನಡುವೆ ಬಿಂದು, ಅಲ್ಪವಿರಾಮಗಳನ್ನು ಇಡದೆ ಬರಿಯ ಜಾಗ ಬಿಡಬೇಕೆಂಬ ಹಳೆಯ ನಿಯಮವನ್ನು ಪುನರುಚ್ಚರಿಸಿತು. ಆದರೆ ಅದು ವಿಜ್ಞಾನದ ಬರಹಕ್ಕೆ ಸಂಬಂಧಿಸಿದ ಮಾತು. ವ್ಯಾಪಾರದಲ್ಲಿ ಆಯಾ ದೇಶದ ರೂಢಿಯೇ ಮುಂದುವರಿದಿದೆ.

ನಮ್ಮ ಎಣಿಕೆಯ ಪರಂಪರೆ

ಸ್ಥಾನಗಳಿಗೆ ಹೆಸರಿಟ್ಟು ಎಣಿಸುವುದು ಈ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ, 9ನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಲೆಕ್ಕವನ್ನು ಜನರ ಭಾಷೆಯಲ್ಲಿ ಜನರ ರೂಢಿಗೆ ತಕ್ಕಂತೆ ಹೇಳಬೇಕೆಂಬ ಅಪೇಕ್ಷೆ ಅಷ್ಟು ಹಳೆಯದು.

ಇಂದಿನ ಭಾರತೀಯ ಕ್ರಮದಲ್ಲಿ ಬಲದಿಂದ ಮೊದಲ ಗುಂಪಿಗೆ ಮೂರು ಅಂಕಿ, ಆಮೇಲಿನ ಪ್ರತಿಯೊಂದು ಗುಂಪಿಗೂ ಎರಡೆರಡು ಅಂಕಿ. ಎಲ್ಲ ಗುಂಪುಗಳೂ ಸಮವಾಗಿರುತ್ತವೆ ಎಂದು ನಂಬಿ ಬರೆದ ತಂತ್ರಾಂಶಕ್ಕೆ ಇದು ನುಂಗಲಾರದ ತುತ್ತು. ಜಾವಾ ಭಾಷೆಯ ಜೊತೆಗೇ ಬರುವ ಡೆಸಿಮಲ್‌ಫಾರ್ಮ್ಯಾಟ್ ಒಂದೇ ಗಾತ್ರದ ಗುಂಪನ್ನು ಮಾತ್ರ ಬಲ್ಲದು. ಅದಕ್ಕೆ ಮೂರು-ಎರಡು-ಎರಡರ ವಿನ್ಯಾಸವನ್ನು ಕೊಟ್ಟರೂ ಅದು ಕೊನೆಯ ಗುಂಪಿನ ಗಾತ್ರವನ್ನಷ್ಟೇ ಹಿಡಿದು ಎಲ್ಲವನ್ನೂ ಮೂರು ಮೂರಾಗಿ ಒಡೆಯುತ್ತದೆ. ಐ.ಸಿ.ಯು. ಎಂಬ ಮುಕ್ತ ತಂತ್ರಾಂಶ ಸಂಗ್ರಹದಲ್ಲಿರುವ ಅದೇ ಹೆಸರಿನ ಸಾಧನವು ಎರಡನೆಯ ಗುಂಪಿನ ಗಾತ್ರವನ್ನೂ ಅರಿಯುತ್ತದೆ. ಲಕ್ಷ, ಕೋಟಿಗಳ ವರದಿ ಬೇಕಾದವರು ಎರಡನೆಯದನ್ನು ಬಳಸಬೇಕು.

ಸಿ ಭಾಷೆಯ ಪುಟ್ಟ ಒಪ್ಪಂದ

ಹೆಚ್ಚಿನ ತಂತ್ರಾಂಶಗಳ ತಳಹದಿಯಾದ ಸಿ ಭಾಷೆಗೆ ಲೊಕೇಲ್ ವ್ಯವಸ್ಥೆ ಬಂದದ್ದು 1989ರ ಅಮೆರಿಕನ್ ಮಾನಕದೊಂದಿಗೆ. ಅದರ ಒಪ್ಪಂದ ಸರಳವಾಗಿದೆ. ಪ್ರತಿಯೊಂದು ಕಾರ್ಯಕ್ರಮವೂ ಪ್ರಾರಂಭವಾಗುವಾಗ 'ಸಿ' ಎಂಬ ಹೆಸರಿನ ಲೊಕೇಲ್‌ನಲ್ಲಿರುತ್ತದೆ. ಅದರಲ್ಲಿ ದಶಮಾಂಶದ ಗುರುತು ಬಿಂದು, ಸಾವಿರದ ಗುರುತು ಇಲ್ಲ. ಕಾರ್ಯಕ್ರಮವು ಸೆಟ್‌ಲೊಕೇಲ್ ಎಂಬ ಕ್ರಿಯೆಯನ್ನು ಖಾಲಿ ಹೆಸರಿನೊಂದಿಗೆ ಕರೆದಾಗ ಮಾತ್ರ ಬಳಕೆದಾರನ ರೂಢಿ ಜಾರಿಗೆ ಬರುತ್ತದೆ.

ಬಳಕೆದಾರನ ರೂಢಿ ಯಾವುದೆಂದು ಲಿನಕ್ಸ್ ಮತ್ತು ಯುನಿಕ್ಸ್ ವ್ಯವಸ್ಥೆಗಳು ಪರಿಸರದ ಚರಾಂಶಗಳಿಂದ ತಿಳಿಯುತ್ತವೆ. ಮೊದಲು ಎಲ್‌ಸಿ-ಆಲ್ ಅನ್ನು ನೋಡುತ್ತವೆ. ಅದು ಇಲ್ಲದಿದ್ದರೆ ಸಂಖ್ಯೆಗೆ ಮೀಸಲಾದ ಎಲ್‌ಸಿ-ನ್ಯೂಮರಿಕ್, ಅದೂ ಇಲ್ಲದಿದ್ದರೆ ಲ್ಯಾಂಗ್. ಆದ್ದರಿಂದ ಎಲ್‌ಸಿ-ನ್ಯೂಮರಿಕ್ ಅನ್ನು ಸರಿಯಾಗಿ ಹೊಂದಿಸಿದ್ದರೂ ಯಾರೋ ಎಲ್‌ಸಿ-ಆಲ್ ಅನ್ನು ಬದಲಿಸಿದ್ದರೆ ಮೊದಲಿನದಕ್ಕೆ ಬೆಲೆಯಿಲ್ಲ.

ಲೊಕೇಲ್‌ಗಳ ಹೆಸರುಗಳು ಎಲ್ಲೆಡೆ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಲಿನಕ್ಸ್‌ನಲ್ಲಿ ಜರ್ಮನ್ ರೂಢಿಗೆ ಇರುವ ಹೆಸರು ವಿಂಡೋಸ್‌ನಲ್ಲಿ ಅದೇ ರೂಪದಲ್ಲಿ ಇರುವುದಿಲ್ಲ. ಸಿ ಮಾನಕವು ಖಚಿತವಾಗಿ ಕೊಡುವ ಹೆಸರುಗಳು ಎರಡೇ: 'ಸಿ' ಮತ್ತು ಖಾಲಿ ಹೆಸರು. ಮಿಕ್ಕ ಯಾವುದೇ ಲೊಕೇಲ್ ಆ ಯಂತ್ರದಲ್ಲಿ ಸ್ಥಾಪಿತವಾಗಿರದಿದ್ದರೆ ಸೆಟ್‌ಲೊಕೇಲ್ ಸೋಲುತ್ತದೆ, ಹಳೆಯ ರೂಢಿಯೇ ಉಳಿಯುತ್ತದೆ. ಆಲ್ಪೈನ್ ಲಿನಕ್ಸ್ ಬಳಸುವ ಮಸಲ್ ಎಂಬ ಸಿ ಗ್ರಂಥಾಲಯದಲ್ಲಂತೂ ಯಾವ ಲೊಕೇಲ್ ಇಟ್ಟರೂ ದಶಮಾಂಶದ ಗುರುತು ಬಿಂದುವೇ. ಒಂದು ಯಂತ್ರದಲ್ಲಿ ಅಲ್ಪವಿರಾಮ ಮೂಡಿಸಿದ ಕಾರ್ಯಕ್ರಮ ಇನ್ನೊಂದರಲ್ಲಿ ಬಿಂದು ಮೂಡಿಸುವುದಕ್ಕೆ ಇಂಥವೇ ಕಾರಣಗಳು.

ಸದ್ದಿಲ್ಲದೆ ಕಳೆದುಹೋಗುವ 450 ಕಿಲೋ

ಮೇಲಿನ 12.450 ಟನ್ನಿನ ಉದಾಹರಣೆಗೆ ಮರಳೋಣ. ಜರ್ಮನ್ ರೂಢಿ ಜಾರಿಯಲ್ಲಿರುವ ಒಂದು ಯಂತ್ರದಲ್ಲಿ ಈ ಅಕ್ಷರಸರಣಿಯನ್ನು ಸಂಖ್ಯೆಯಾಗಿ ಓದಿಸಿದರೆ ಭಾಷೆಯಿಂದ ಭಾಷೆಗೆ ಫಲಿತಾಂಶ ಬೇರೆಯಾಗುತ್ತದೆ.

ಸೆಟ್‌ಲೊಕೇಲ್ ಕರೆದಿರುವ ಸಿ ಕಾರ್ಯಕ್ರಮದಲ್ಲಿ ಸ್ಟ್ರ್‌ಟಾಡ್ ಎಂಬ ಕ್ರಿಯೆ 12ರವರೆಗೆ ಓದಿ, ಬಿಂದು ತನಗೆ ಸೇರಿದ್ದಲ್ಲವೆಂದು ಅಲ್ಲಿಗೇ ನಿಲ್ಲುತ್ತದೆ. ಉತ್ತರ 12. ಡಾಟ್‌ನೆಟ್‌ನ ಡಬಲ್-ಪಾರ್ಸ್ ಕ್ರಿಯೆ ಬಿಂದುವನ್ನು ಸಾವಿರದ ಗುರುತೆಂದು ತಿಳಿದು 12450 ಎನ್ನುತ್ತದೆ. ಜಾವಾದ ಪಾರ್ಸ್‌ಡಬಲ್, ಪೈಥಾನ್‌ನ ಫ್ಲೋಟ್ ಮತ್ತು ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್ ಲೊಕೇಲನ್ನು ಲೆಕ್ಕಿಸದೆ 12.45 ಎಂದು ಓದುತ್ತವೆ. ಒಂದೇ ಬರಹಕ್ಕೆ ಮೂರು ಉತ್ತರ.

ಇವುಗಳಲ್ಲಿ 12450 ಎಂಬ ತಪ್ಪು ಕಣ್ಣಿಗೆ ರಾಚುತ್ತದೆ, ಬೇಗನೆ ಸಿಕ್ಕಿಬೀಳುತ್ತದೆ. ಅಪಾಯಕಾರಿಯಾದುದು 12. ಯಾವ ದೋಷಸಂದೇಶವೂ ಬರುವುದಿಲ್ಲ, ಅಂಕಿ ನಂಬುವಂತೆಯೇ ಇದೆ, ಲೆಕ್ಕ ಮುಂದುವರಿಯುತ್ತದೆ. ಟನ್ನಿಗೆ 20,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ಒಂದು ಲಾರಿಗೆ 9,000 ರೂಪಾಯಿ ಬೆಳೆಗಾರನ ಖಾತೆಯಿಂದ ಮಾಯವಾದಂತೆ. ಸ್ಟ್ರ್‌ಟಾಡ್ ತಾನು ಎಲ್ಲಿ ನಿಂತೆನೆಂಬುದನ್ನು ತಿಳಿಸುತ್ತದೆ. ಅದನ್ನು ಕೇಳಿ ನೋಡಿ, ಅಕ್ಷರಸರಣಿ ಪೂರ್ತಿ ಮುಗಿದಿದೆಯೇ ಎಂದು ಪರೀಕ್ಷಿಸುವ ಒಂದು ಸಾಲು ಈ ನಷ್ಟವನ್ನು ತಪ್ಪಿಸುತ್ತದೆ.

ಬರೆಯುವಾಗಲೂ ಇದೇ ತೊಂದರೆ. ಅಲ್ಪವಿರಾಮದ ರೂಢಿಯಲ್ಲಿ ಪ್ರಿಂಟ್‌ಎಫ್ ಇದನ್ನು 12,450 ಎಂದು ಮುದ್ರಿಸುತ್ತದೆ. ಅದು ಸಿ.ಎಸ್.ವಿ. ಕಡತಕ್ಕೆ ಹೋದರೆ ಒಂದು ಅಂಕಣ ಎರಡಾಗುತ್ತದೆ. ದತ್ತಸಂಚಯದ ಎಸ್.ಕ್ಯು.ಎಲ್. ಆಜ್ಞೆಯೊಳಗೆ ಹೋದರೆ ಒಂದು ಬೆಲೆ ಎರಡಾಗುತ್ತದೆ. ಜೇಸನ್ ಪಟ್ಟಿಯೊಳಗೆ ಹೋದರೆ 12 ಮತ್ತು 450 ಎಂಬ ಎರಡು ಸಂಖ್ಯೆಗಳಾಗುತ್ತವೆ. ಜೇಸನ್ ಮಾನಕದಲ್ಲಿ ದಶಮಾಂಶದ ಗುರುತು ಬಿಂದು ಮಾತ್ರ, ಅದಕ್ಕೆ ಅಪವಾದವಿಲ್ಲ.

'ನಾನು ಸೆಟ್‌ಲೊಕೇಲ್ ಕರೆದೇ ಇಲ್ಲ' ಎನ್ನುವವರೂ ನಿಶ್ಚಿಂತರಾಗಿರುವಂತಿಲ್ಲ. ಕಿಟಕಿ, ಗುಂಡಿಗಳನ್ನು ಒದಗಿಸುವ ಜಿ.ಟಿ.ಕೆ., ಕ್ಯೂಟಿ ಮುಂತಾದ ಸಂಗ್ರಹಗಳು ತಾವು ಪ್ರಾರಂಭವಾಗುವಾಗ ಅದನ್ನು ಕರೆಯುತ್ತವೆ. ಆಜ್ಞಾಸಾಲಿನಲ್ಲಿ ಸರಿಯಾಗಿದ್ದ ಕಾರ್ಯಕ್ರಮ ಚಿತ್ರಾತ್ಮಕ ರೂಪ ತಳೆದೊಡನೆ ಕೆಡಬಹುದು.

ಒಂದೇ ಸೂತ್ರ

ಪರಿಹಾರವನ್ನು ಒಂದು ಮಾತಿನಲ್ಲಿ ಹೇಳಬಹುದು. ಮನುಷ್ಯನಿಗೆ ತೋರಿಸುವ ಸಂಖ್ಯೆ ಆ ಮನುಷ್ಯನ ರೂಢಿಯಲ್ಲಿರಲಿ; ಯಂತ್ರದಿಂದ ಯಂತ್ರಕ್ಕೆ ಹೋಗುವ ಸಂಖ್ಯೆ ಯಾರ ರೂಢಿಗೂ ಸೇರದ ಒಂದೇ ನಿಶ್ಚಿತ ರೂಪದಲ್ಲಿರಲಿ. ಕಡತ, ದತ್ತಸಂಚಯ, ಜಾಲದ ಸಂದೇಶ, ಸಂರಚನೆಯ ಕಡತ ಇವೆಲ್ಲ ಎರಡನೆಯ ಗುಂಪಿನವು. ಪರದೆ, ಮುದ್ರಿತ ಬಿಲ್ಲು, ಬಳಕೆದಾರನ ಬೆರಳಚ್ಚು ಇವು ಮೊದಲ ಗುಂಪಿನವು.

ಈ ಸೂತ್ರವನ್ನು ಪಾಲಿಸಲು ಭಾಷೆಗಳಲ್ಲಿ ಬೇಕಾದ ಸಾಧನಗಳಿವೆ:

ಸಿ: ಸಂದೇಶಗಳ ಭಾಷೆ, ಅಕ್ಷರಗಳ ವರ್ಗ ಇತ್ಯಾದಿಗಳಿಗೆ ಬಳಕೆದಾರನ ಲೊಕೇಲ್ ಇಟ್ಟುಕೊಂಡು, ಎಲ್‌ಸಿ-ನ್ಯೂಮರಿಕ್ ಒಂದನ್ನು ಮಾತ್ರ ಮತ್ತೆ 'ಸಿ'ಗೆ ತರುವುದು ಹಳೆಯ ಮತ್ತು ಸುಲಭವಾದ ದಾರಿ. ಜಿಲಿಬ್ ಸಂಗ್ರಹವನ್ನು ಬಳಸುವವರಿಗೆ ಲೊಕೇಲನ್ನು ಲೆಕ್ಕಿಸದೆ ಓದುವ, ಬರೆಯುವ ಕ್ರಿಯೆಗಳು ಅದರಲ್ಲಿಯೇ ದೊರೆಯುತ್ತವೆ.

ಸಿ++: 2017ರ ಮಾನಕದ ಫ್ರಮ್-ಚಾರ್ಸ್ ಮತ್ತು ಟು-ಚಾರ್ಸ್ ಲೊಕೇಲನ್ನು ನೋಡುವುದೇ ಇಲ್ಲ. ಸ್ಟ್ರೀಮ್‌ಗಳನ್ನು ಬಳಸುವುದಾದರೆ ಅವಕ್ಕೆ ಕ್ಲಾಸಿಕ್ ಲೊಕೇಲನ್ನು ಅಂಟಿಸಬೇಕು.

ಜಾವಾ: ಸ್ಟ್ರಿಂಗ್-ಫಾರ್ಮ್ಯಾಟ್ ಸ್ವಭಾವತಃ ಯಂತ್ರದ ಲೊಕೇಲನ್ನು ಹಿಡಿಯುತ್ತದೆ. ಕಡತಕ್ಕೆ ಬರೆಯುವಾಗ ಲೊಕೇಲ್-ರೂಟ್ ಎಂದು ಸ್ಪಷ್ಟವಾಗಿ ಹೇಳಬೇಕು.

ಡಾಟ್‌ನೆಟ್: ಓದುವಾಗಲೂ ಬರೆಯುವಾಗಲೂ ಇನ್ವೇರಿಯಂಟ್ ಕಲ್ಚರ್ ಅನ್ನು ಕೊಡಬೇಕು.

ಪೈಥಾನ್: ಫ್ಲೋಟ್ ಮತ್ತು ಸ್ಟ್ರ್ ನಿಶ್ಚಿತ ರೂಪದವು. ಬಳಕೆದಾರನ ರೂಢಿ ಬೇಕಾದಾಗ ಮಾತ್ರ ಲೊಕೇಲ್ ಎಂಬ ಘಟಕದ ಮೊರೆ ಹೋಗಬೇಕು.

ಪಿ.ಎಚ್.ಪಿ.: 2020ರಲ್ಲಿ ಬಂದ 8.0 ಆವೃತ್ತಿಗೆ ಮೊದಲು ದಶಮಾಂಶ ಸಂಖ್ಯೆಯನ್ನು ಅಕ್ಷರಸರಣಿಯಾಗಿ ಮಾರ್ಪಡಿಸಿದಾಗ ಲೊಕೇಲ್‌ಗೆ ತಕ್ಕಂತೆ ಅಲ್ಪವಿರಾಮ ಬರುತ್ತಿತ್ತು. ಆ ಆವೃತ್ತಿಯಿಂದ ಬಿಂದುವೇ ಬರುತ್ತದೆ. ಹಳೆಯ ಜಾಲತಾಣಗಳನ್ನು ಹೊಸ ಆವೃತ್ತಿಗೆ ಏರಿಸುವವರು ಇದನ್ನು ಗಮನಿಸಬೇಕು.

ಜಾವಾಸ್ಕ್ರಿಪ್ಟ್: ಲೆಕ್ಕಕ್ಕೆ ಸದಾ ಬಿಂದು. ತೋರಿಸಲು ಇಂಟ್ಲ್-ನಂಬರ್‌ಫಾರ್ಮ್ಯಾಟ್ ಇದೆ. ಅದಕ್ಕೆ ಭಾರತದ ಇಂಗ್ಲಿಷ್ ಲೊಕೇಲ್ ಕೊಟ್ಟರೆ 12,34,567.89 ಎಂದು ಲಕ್ಷದ ಕ್ರಮದಲ್ಲಿ ಬರೆಯುತ್ತದೆ.

ಸ್ವಲ್ಪ ಹೊತ್ತು ಲೊಕೇಲನ್ನು ಬದಲಿಸಿ, ಕೆಲಸವಾದ ಮೇಲೆ ಮೊದಲಿನಂತೆ ಮಾಡುವ ಉಪಾಯವನ್ನು ಹಲವರು ಅನುಸರಿಸುತ್ತಾರೆ. ಸೆಟ್‌ಲೊಕೇಲ್ ಇಡೀ ಕಾರ್ಯಕ್ರಮಕ್ಕೆ ಒಂದೇ. ಒಂದು ಎಳೆ ಅದನ್ನು ಬದಲಿಸಿದ ಕ್ಷಣದಲ್ಲಿ ಇನ್ನೊಂದು ಎಳೆ ಬಿಲ್ಲು ಮುದ್ರಿಸುತ್ತಿದ್ದರೆ ಆ ಬಿಲ್ಲಿನ ಅಂಕಿ ಕೆಡುತ್ತದೆ. ದೋಷ ಒಮ್ಮೆ ಕಾಣಿಸಿ ಹತ್ತು ಸಲ ಮರೆಯಾಗುವುದರಿಂದ ಹಿಡಿಯುವುದೂ ಕಷ್ಟ. ಎಳೆಗೊಂದು ಲೊಕೇಲ್ ಕೊಡುವ ಯೂಸ್‌ಲೊಕೇಲ್ ಎಂಬ ಕ್ರಿಯೆ 2008ರ ಪಾಸಿಕ್ಸ್ ಮಾನಕದಲ್ಲಿದೆ. ಬದಲಿಸುವುದು ಅನಿವಾರ್ಯವಾದಲ್ಲಿ ಅದನ್ನೇ ಬಳಸುವುದು ಕ್ಷೇಮ.

ಕನ್ನಡ ಅಂಕಿಗಳ ವಿಚಾರ

ಕನ್ನಡ ಅಂಕಿಗಳು ಬಿ.ಎಂ.ಟಿ.ಸಿ. ಬಸ್ಸುಗಳ ಫಲಕದ ಮೇಲೆಯೂ ಪಂಚಾಂಗಗಳಲ್ಲಿಯೂ ಕಾಣಸಿಗುತ್ತವೆ. ಸಂವಿಧಾನದ 343ನೆಯ ವಿಧಿಯು ಕೇಂದ್ರ ಸರ್ಕಾರದ ವ್ಯವಹಾರಕ್ಕೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು ಗೊತ್ತುಪಡಿಸಿದೆ. ಕನ್ನಡ ಪತ್ರಿಕೆಗಳಲ್ಲಿಯೂ ಹೆಚ್ಚಾಗಿ ಅದೇ ರೂಪ ಬಳಕೆಯಲ್ಲಿದೆ. ಲೋಕದ ಲೊಕೇಲ್ ಮಾಹಿತಿಯನ್ನು ಒಟ್ಟುಗೂಡಿಸುವ ಯೂನಿಕೋಡ್‌ನ ಸಿ.ಎಲ್.ಡಿ.ಆರ್. ಸಂಗ್ರಹವೂ ಕನ್ನಡಕ್ಕೆ ಸಾಮಾನ್ಯ ಬಳಕೆಯ ಅಂಕಿಗಳಾಗಿ 0-9ನ್ನೂ, ಸ್ವಂತ ಅಂಕಿಗಳಾಗಿ ೦-೯ನ್ನೂ ಸೂಚಿಸುತ್ತದೆ. ಲೊಕೇಲ್ ಹೆಸರಿನ ತುದಿಗೆ ಅಂಕಿಪದ್ಧತಿಯ ಸೂಚನೆಯನ್ನು ಸೇರಿಸಿದರೆ ಆಧುನಿಕ ಜಾಲವೀಕ್ಷಕಗಳು ಕನ್ನಡ ಅಂಕಿಗಳನ್ನೇ ಮೂಡಿಸುತ್ತವೆ.

ಓದುವುದು ಇನ್ನಷ್ಟು ಸೂಕ್ಷ್ಮ. ಯೂನಿಕೋಡ್‌ನಲ್ಲಿ 0ಯಿಂದ 9ರವರೆಗಿನ ಅಂಕಿಗಳ ಸಂಕೇತಗಳು 48ರಿಂದ 57; ೦ಯಿಂದ ೯ರವರೆಗಿನವು 3302ರಿಂದ 3311. ಪೈಥಾನ್‌ನ ಇಂಟ್ ಮತ್ತು ಜಾವಾದ ಪಾರ್ಸ್‌ಇಂಟ್ ೧೨೩ ಎಂಬುದನ್ನು ನೂರ ಇಪ್ಪತ್ತಮೂರು ಎಂದು ಸರಿಯಾಗಿ ಓದುತ್ತವೆ. ಸಿ, ಪಿ.ಎಚ್.ಪಿ. ಮತ್ತು ಜಾವಾಸ್ಕ್ರಿಪ್ಟ್‌ಗಳಿಗೆ ಇದು ಸಂಖ್ಯೆಯೇ ಅಲ್ಲ. ಡಾಟ್‌ನೆಟ್‌ನಲ್ಲಿ ವಿನ್ಯಾಸಪರೀಕ್ಷೆಯು ಕನ್ನಡ ಅಂಕಿಯನ್ನು ಅಂಕಿಯೆಂದೇ ಒಪ್ಪುತ್ತದೆ, ಆದರೆ ಸಂಖ್ಯೆಯಾಗಿ ಮಾರ್ಪಡಿಸುವ ಹಂತದಲ್ಲಿ ದೋಷ ಬರುತ್ತದೆ. ಬಾಗಿಲಲ್ಲಿ ಒಳಗೆ ಬಿಟ್ಟು ಅಂಗಳದಲ್ಲಿ ತಡೆದಂತೆ.

ಇದಲ್ಲದೆ ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ರೂಪದಲ್ಲಿ ಹೋಲಿಕೆಯಿದೆ. ಒಂದರ ಬದಲು ಇನ್ನೊಂದನ್ನು ಬೆರಳಚ್ಚಿಸುವುದು ಸಾಮಾನ್ಯ. ಕಣ್ಣಿಗೆ ೧೦ ಎಂದು ಕಂಡದ್ದು ಯಂತ್ರಕ್ಕೆ ಒಂದು ಅಂಕಿ ಮತ್ತು ಒಂದು ಅನುಸ್ವಾರ ಆಗಿರಬಹುದು. ಆದ್ದರಿಂದ ಕನ್ನಡ ಅಂಕಿಗಳನ್ನು ಸ್ವೀಕರಿಸುವ ತಂತ್ರಾಂಶ ಮೊದಲು ಅವನ್ನು 0-9ಕ್ಕೆ ಮಾರ್ಪಡಿಸಿ, ಮಿಕ್ಕ ಯಾವುದೇ ಅಕ್ಷರ ಉಳಿದಿದ್ದರೆ ಬಳಕೆದಾರನಿಗೆ ತಿಳಿಸಬೇಕು. ತಾನೇ ಊಹಿಸಿ ಮುಂದುವರಿಯಬಾರದು.

ಬಿಂದುವಿದ್ದ ಮಾತ್ರಕ್ಕೆ ದಶಮಾಂಶವಲ್ಲ

ಲೊಕೇಲ್ ಸಂಗ್ರಹಗಳಲ್ಲಿ ಕಾಣದ ರೂಢಿಗಳೂ ನಮ್ಮಲ್ಲಿವೆ. ಕರ್ನಾಟಕದಲ್ಲಿ ಜಮೀನನ್ನು ಅಳೆಯುವುದು ಎಕರೆ ಮತ್ತು ಗುಂಟೆಗಳಲ್ಲಿ, 40 ಗುಂಟೆಗೆ ಒಂದು ಎಕರೆ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1-20 ಎಂದೂ 1.20 ಎಂದೂ ಬರೆಯುವ ವಾಡಿಕೆಯಿದೆ. ಇದು ಒಂದೂವರೆ ಎಕರೆ. ಇದನ್ನು ದಶಮಾಂಶವೆಂದು ಓದಿದರೆ 1.2 ಎಕರೆ, ಅಂದರೆ ಒಂದು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಹೋಯಿತು. ಕೂಡುವಾಗಲೂ ಇದೇ ಪಾಡು. 1.20 ಮತ್ತು 1.25ನ್ನು ಎಕ್ಸೆಲ್‌ನಲ್ಲಿ ಕೂಡಿದರೆ 2.45 ಬರುತ್ತದೆ, ಸರಿಯಾದ ಮೊತ್ತ ಮೂರು ಎಕರೆ ಐದು ಗುಂಟೆ.

2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರದ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಅಂದಿನಿಂದ ಈ ಅಂಕಿಗಳು ಬ್ಯಾಂಕಿನ ಸಾಲದ ಅರ್ಜಿ, ಬೆಳೆ ಸಮೀಕ್ಷೆ ಮುಂತಾದೆಡೆಗಳಲ್ಲಿ ಬಳಕೆಯಾಗುತ್ತಿವೆ. ಇಂಥ ಮಾಹಿತಿಯನ್ನು ತಮ್ಮ ತಂತ್ರಾಂಶಕ್ಕೆ ತೆಗೆದುಕೊಳ್ಳುವವರು ಎಕರೆಗೊಂದು, ಗುಂಟೆಗೊಂದು ಎಂದು ಎರಡು ಪೂರ್ಣಾಂಕಗಳ ಅಂಕಣಗಳನ್ನು ಇಡಬೇಕು, ಇಲ್ಲವೇ ಎಲ್ಲವನ್ನೂ ಗುಂಟೆಗೆ ಇಳಿಸಿ ಇಡಬೇಕು. ಸಂಖ್ಯೆಯ ಬರಹ ಬೇರೆ, ಸಂಖ್ಯೆಯ ಬೆಲೆ ಬೇರೆ ಎಂಬ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ.

ಕಚೇರಿಯ ಬಳಕೆದಾರರಿಗೆ

ವಿಂಡೋಸ್‌ನ ಪ್ರಾದೇಶಿಕ ಹೊಂದಾಣಿಕೆಗಳಲ್ಲಿ ದಶಮಾಂಶದ ಗುರುತು, ಗುಂಪಿನ ಕ್ರಮ ಮತ್ತು ಪಟ್ಟಿಯ ವಿಭಜಕ ಎಂಬ ಆಯ್ಕೆಗಳಿವೆ. ಗುಂಪಿನ ಕ್ರಮದಲ್ಲಿ 12,34,56,789 ಎಂಬುದನ್ನು ಆರಿಸಿದರೆ ಎಕ್ಸೆಲ್ ಲಕ್ಷ, ಕೋಟಿಗಳಲ್ಲಿ ತೋರಿಸುತ್ತದೆ. ಇದರಿಂದ ಕಡತದೊಳಗಿನ ಬೆಲೆ ಬದಲಾಗುವುದಿಲ್ಲ, ನೋಟವಷ್ಟೇ ಬದಲಾಗುತ್ತದೆ. ಅದೇ ಎಕ್ಸೆಲ್ ಕಡತವನ್ನು ಜರ್ಮನಿಯಲ್ಲಿ ತೆರೆದವರಿಗೆ ಅವರ ರೂಢಿಯಲ್ಲಿಯೇ ಕಾಣುತ್ತದೆ.

ಸಿ.ಎಸ್.ವಿ. ಕಡತಕ್ಕೆ ಈ ರಕ್ಷಣೆಯಿಲ್ಲ, ಅದು ಬರಿಯ ಅಕ್ಷರಗಳ ಸಾಲು. ಅಲ್ಪವಿರಾಮವನ್ನು ದಶಮಾಂಶಕ್ಕೆ ಬಳಸುವ ದೇಶಗಳ ಎಕ್ಸೆಲ್ ಅಂಕಣಗಳ ನಡುವೆ ಅರ್ಧವಿರಾಮವನ್ನು ನಿರೀಕ್ಷಿಸುತ್ತದೆ. ಹೊರದೇಶಕ್ಕೆ ಅಂಕಿ-ಅಂಶ ಕಳುಹಿಸುವವರು ಸಾಧ್ಯವಾದಷ್ಟೂ ಎಕ್ಸೆಲ್ ಕಡತವನ್ನೇ ಕಳುಹಿಸುವುದು, ಸಿ.ಎಸ್.ವಿ. ಕಳುಹಿಸಲೇಬೇಕಾದರೆ ದಶಮಾಂಶದ ಗುರುತು ಯಾವುದೆಂದು ಪತ್ರದಲ್ಲಿ ತಿಳಿಸುವುದು ಒಳಿತು. ತೂಕವನ್ನು ಟನ್‌ಗಳ ಬದಲು ಪೂರ್ಣ ಕಿಲೋಗಳಲ್ಲಿ, ಗುಂಪಿನ ಗುರುತಿಲ್ಲದೆ 12450 ಎಂದು ಬರೆದರೆ ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥ.

ಪರೀಕ್ಷಿಸುವುದು ಹೇಗೆ?

ಭಾರತದ ಮತ್ತು ಅಮೆರಿಕದ ದಶಮಾಂಶದ ಗುರುತು ಒಂದೇ ಆದುದರಿಂದ ಇಲ್ಲಿ ಬರೆದ ತಂತ್ರಾಂಶದ ಲೊಕೇಲ್ ದೋಷ ಇಲ್ಲಿ ಕಾಣಿಸಿಕೊಳ್ಳುವುದಿಲ್ಲ. ಗ್ರಾಹಕನ ಯಂತ್ರದಲ್ಲಿ ಮೊದಲು ಕಾಣಿಸುತ್ತದೆ. ಆದ್ದರಿಂದ ಬಿಡುಗಡೆಗೆ ಮೊದಲು ಈ ಪರೀಕ್ಷೆಗಳನ್ನು ಮಾಡಬೇಕು:

1. ಜರ್ಮನ್ ಲೊಕೇಲ್‌ನಲ್ಲಿ ಎಲ್ಲ ಪರೀಕ್ಷೆಗಳನ್ನೂ ಒಮ್ಮೆ ನಡೆಸುವುದು. ಬಿಂದು ಮತ್ತು ಅಲ್ಪವಿರಾಮ ಅದಲುಬದಲಾಗುವುದರಿಂದ ಅಡಗಿರುವ ದೋಷಗಳು ಹೊರಬೀಳುತ್ತವೆ.
2. ಫ್ರೆಂಚ್ ಲೊಕೇಲ್‌ನಲ್ಲಿ ಬರೆದುದನ್ನು ಮತ್ತೆ ಓದಿಸಿ ನೋಡುವುದು. ಅಲ್ಲಿ ಸಾವಿರದ ಗುರುತು ಸಾಮಾನ್ಯ ಜಾಗವಲ್ಲ, ಒಡೆಯಲಾಗದ ಜಾಗದ ವಿಶೇಷ ಅಕ್ಷರ. 2018ರಲ್ಲಿ ಸಿ.ಎಲ್.ಡಿ.ಆರ್. 34ನೆಯ ಆವೃತ್ತಿಯು ಅದನ್ನು ಇನ್ನೂ ಕಿರಿದಾದ ಮತ್ತೊಂದು ಅಕ್ಷರಕ್ಕೆ ಬದಲಿಸಿತು.
3. ಕನ್ನಡ ಲೊಕೇಲ್‌ನಲ್ಲಿ ಒಂದು ಕೋಟಿಗಿಂತ ದೊಡ್ಡ ಸಂಖ್ಯೆಯನ್ನು ಮುದ್ರಿಸಿ, ಗುಂಪುಗಳು ನಿರೀಕ್ಷಿಸಿದಂತೆ ಬಂದಿವೆಯೇ ಎಂದು ಕಣ್ಣಾರೆ ನೋಡುವುದು.
4. ಯಾವ ಲೊಕೇಲೂ ಸ್ಥಾಪಿತವಾಗಿರದ ಯಂತ್ರದಲ್ಲಿ ತಂತ್ರಾಂಶವನ್ನು ನಡೆಸುವುದು.
5. ಒಂದು ಲೊಕೇಲ್‌ನಲ್ಲಿ ಉಳಿಸಿದ ಕಡತವನ್ನು ಇನ್ನೊಂದು ಲೊಕೇಲ್‌ನಲ್ಲಿ ತೆರೆದು ಬೆಲೆಗಳನ್ನು ಹೋಲಿಸುವುದು.

ಲೊಕೇಲ್ ಮಾಹಿತಿ ಶಾಶ್ವತವಲ್ಲ ಎಂಬುದನ್ನೂ ಮರೆಯಬಾರದು. ರೂಪಾಯಿಯ ₹ ಚಿಹ್ನೆಗೆ ಕೇಂದ್ರ ಸರ್ಕಾರ 2010ರ ಜುಲೈನಲ್ಲಿ ಒಪ್ಪಿಗೆ ನೀಡಿತು, ಅದೇ ವರ್ಷ ಅದು ಯೂನಿಕೋಡ್‌ಗೆ ಸೇರಿತು. ಬಿಲ್ಲಿನಲ್ಲಿ 'ರೂ.' ಎಂಬ ಅಕ್ಷರಗಳನ್ನು ಹುಡುಕಿ ಮುಂದಿನ ಅಂಕಿಯನ್ನು ಮೊತ್ತವೆಂದು ತಿಳಿಯುವ ತಂತ್ರಾಂಶಕ್ಕೆ ಹೊಸ ಚಿಹ್ನೆ ಬಂದೊಡನೆ ಮೊತ್ತವೇ ಸಿಗುವುದಿಲ್ಲ. ತೋರಿಸಲೆಂದು ಸಿಂಗರಿಸಿದ ಸಂಖ್ಯೆಯನ್ನು ಎಂದೂ ಲೆಕ್ಕಕ್ಕೆ ಹಿಂತಿರುಗಿಸಬಾರದು ಎಂಬ ಎಚ್ಚರಿಕೆ ಇದರಿಂದಲೇ ಹುಟ್ಟಿದ್ದು. ಸಂಖ್ಯೆಯ ಬೆಲೆಯನ್ನು ಒಳಗೆ ಶುದ್ಧವಾಗಿ ಕಾಪಾಡಿ, ಹೊರಗೆ ಆಯಾ ಜನರ ರೂಢಿಯಲ್ಲಿ ತೋರಿಸುವ ತಂತ್ರಾಂಶವನ್ನು ಯಾವ ಊರಿಗೆ ಒಯ್ದರೂ ಅದರ ಲೆಕ್ಕ ತಪ್ಪುವುದಿಲ್ಲ.